ಗ್ರಾಫೀಮ್ ಕ್ಲಸ್ಟರ್‌ಗೆ ಏನನ್ನೋಣ? ‘ಅಕ್ಷರ’ವನ್ನು ಆಗಲೇ ಖರ್ಚು ಮಾಡಿಕೊಂಡಿದ್ದೇವೆ

ಗೆಳೆಯರೇ,

ಗ್ರಾಫೀಮ್ ಕ್ಲಸ್ಟರ್, ಅಂದರೆ ಓದುವವರ ಕಣ್ಣಿಗೆ ಒಂದಾಗಿ ಕಾಣುತ್ತದೆ ಅಂತ ಕಂಪ್ಯೂಟರು ಒಂದಾಗಿ ಎಣಿಸುವ ಬರಹದ ತುಂಡು. ಇದಕ್ಕೆ ಕನ್ನಡದಲ್ಲಿ ಒಂದು ಪದ ಬೇಕಾಗಿದೆ. ಅದು ಯಾಕೆ ಬೇಕಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಿಘಂಟು ತೆರೆದು ಉತ್ತರ ಕೊಟ್ಟು ಮುಗಿಸಿಬಿಡುತ್ತೀರಿ!

ನಾವು ಕಟ್ಟುತ್ತಿರುವ ಒಂದು ವೆಬ್‌ಸೈಟಿಗೆ ಕನ್ನಡದ ಸಾಲುಗಳನ್ನು ಬರೆದವನು ನಾನೇ. ಹೆಸರು ತುಂಬುವ ಜಾಗದ ಕೆಳಗೆ ಇಂಗ್ಲಿಷಿನಲ್ಲಿ ಹತ್ತು ಕ್ಯಾರೆಕ್ಟರ್ ಅಂತಿತ್ತು. ನಾನು ಹೆಚ್ಚು ಯೋಚಿಸದೆ ‘ಗರಿಷ್ಠ 10 ಅಕ್ಷರ’ ಅಂತ ಹಾಕಿದೆ. ಆಮೇಲೆ ಪರೀಕ್ಷೆಗೆ ದೊಡ್ಡಮ್ಮನ ಹೆಸರು ಟೈಪ್ ಮಾಡಿದೆ: ಶ್ರೀಲಕ್ಷ್ಮೀ. ಕೊನೆಯ ದೀರ್ಘ ಬರಲೇ ಇಲ್ಲ. ಎಷ್ಟು ಸಲ ಕುಟ್ಟಿದರೂ ‘ಶ್ರೀಲಕ್ಷ್ಮ’ ಅಂತಲೇ ನಿಂತಿತು. ಕೆಳಗೆ ನನ್ನದೇ ಸಾಲು: ಗರಿಷ್ಠ 10 ಅಕ್ಷರ. ಬೆರಳು ಮಡಚಿ ಎಣಿಸಿದೆ. ಶ್ರೀ, ಲ, ಕ್ಷ್ಮೀ. ಮೂರೇ ಮೂರು.

ಬ್ರೌಸರ್ ಎಣಿಸುವುದು ಬೇರೆ ಲೆಕ್ಕ. ಎಚ್‌ಟಿಎಂಎಲ್‌ನ ಮ್ಯಾಕ್ಸ್‌ಲೆಂತ್ ಆಗಲಿ, ಜಾವಾಸ್ಕ್ರಿಪ್ಟಿನ ಲೆಂತ್ ಆಗಲಿ, ನೋಡುವುದು ಯುಟಿಎಫ್-16ರ (ಬರಹವನ್ನು ಅಂಕಿಗಳಾಗಿ ಇಟ್ಟುಕೊಳ್ಳುವ ಒಂದು ಪದ್ಧತಿ) ತುಂಡುಗಳನ್ನು. ಶ ಒಂದು, ಅದರ ಸ್ವರ ತೆಗೆಯುವ ವಿರಾಮದ ಗುರುತು ಒಂದು, ರ ಒಂದು, ದೀರ್ಘದ ಗುರುತು ಒಂದು, ಹೀಗೆ ಹೋಗಿ ಶ್ರೀಲಕ್ಷ್ಮೀಗೆ 11 ಆಗುತ್ತದೆ. ಅಪ್ಪ, ಅಮ್ಮ, ಮಗಳು, ಮಗ ನಾಲ್ವರೂ ನಿಂತಿರುವ ಎಮೋಜಿ ಇದೆಯಲ್ಲ, ಅದರ ಲೆಂತ್ ಕೂಡ ಸರಿಯಾಗಿ 11. ದೊಡ್ಡಮ್ಮನಿಗೆ ಹೇಳಿದರೆ ನಗುತ್ತಾರೆ.

ಇಂಥ ಎಡವಟ್ಟಿಗಾಗಿಯೇ ಈಗ ಬ್ರೌಸರ್‌ಗಳಲ್ಲಿ ಇಂಟ್ಲ್ ಸೆಗ್ಮೆಂಟರ್ ಅನ್ನುವ ಸೌಲಭ್ಯವಿದೆ. ಕ್ರೋಮ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ ಬಂತು. ಫೈರ್‌ಫಾಕ್ಸ್ 2024ರ ಏಪ್ರಿಲ್‌ವರೆಗೂ ಕಾಯಿಸಿತು. ಇದು ಪಠ್ಯವನ್ನು ತುಂಡು ತುಂಡಲ್ಲ, ಗ್ರಾಫೀಮ್ ಕ್ಲಸ್ಟರ್‌ಗಳಾಗಿ ಬಿಡಿಸಿಕೊಡುತ್ತದೆ. ಓದುವವರ ಕಣ್ಣಿಗೆ ಒಂದಾಗಿ ಕಾಣುವುದು ಒಂದಾಗಿಯೇ ಉಳಿಯಲಿ ಅನ್ನುವುದು ಉದ್ದೇಶ. ಆ ಎಮೋಜಿ ಕುಟುಂಬವನ್ನು ಕೊಟ್ಟರೆ ಜಾಣನ ಹಾಗೆ 1 ಅನ್ನುತ್ತದೆ. ಖುಷಿಯಾಗಿ ಶ್ರೀಲಕ್ಷ್ಮೀಯನ್ನು ಕೊಟ್ಟೆ. ಬಂದದ್ದು 6. ಶ್, ರೀ, ಲ, ಕ್, ಷ್, ಮೀ.

ನಮ್ಮಲ್ಲಿ ಫೋಟೋ ಹಾಕದವರಿಗೆ ಒಂದು ಬಣ್ಣದ ವೃತ್ತದೊಳಗೆ ಹೆಸರಿನ ಮೊದಲ ಅಕ್ಷರ ತೋರಿಸುತ್ತೇವೆ. ಹಳೆಯ ಕೋಡ್ ‘ಶ’ ಅಂತ ತೋರಿಸುತ್ತಿತ್ತು. ತಪ್ಪಾದರೂ ನೋಡಲು ಮರ್ಯಾದೆಯಾಗಿತ್ತು. ಸೆಗ್ಮೆಂಟರ್ ಹಾಕಿ ಸುಧಾರಿಸಿದ ಮೇಲೆ ‘ಶ್’ ಅಂತ ಬರತೊಡಗಿತು. ಶ್ರೀನಿವಾಸ, ಶ್ಯಾಮಲಾ, ಶ್ವೇತಾ ಎಲ್ಲರೂ ಸಾಲಾಗಿ ನಿಂತು ‘ಶ್... ಗಲಾಟೆ ಮಾಡಬೇಡಿ’ ಅಂದ ಹಾಗಿತ್ತು.

ಎಲ್ಲ ಲಿಪಿಗಳಿಗೂ ಕಂಪ್ಯೂಟರ್ ಸಂಕೇತ ಗೊತ್ತುಮಾಡುವ ಯೂನಿಕೋಡ್ 2023ರಲ್ಲಿ, 15.1ನೇ ಆವೃತ್ತಿಯಲ್ಲಿ, ಒತ್ತಕ್ಷರಗಳನ್ನು ಒಡೆಯದೆ ಒಟ್ಟಿಗೆ ಹಿಡಿಯುವ ಹೊಸ ನಿಯಮ ಸೇರಿಸಿತು. ಆಗ ಪಟ್ಟಿಯಲ್ಲಿದ್ದ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಇರಲಿಲ್ಲ. ಹಾಗಾಗಿ ಅದೇ ಶ್ರೀಲಕ್ಷ್ಮೀಯನ್ನು ತೆಲುಗು ಲಿಪಿಯಲ್ಲಿ ಬರೆದರೆ ಆ ನಿಯಮದಂತೆ 3, ಕನ್ನಡದಲ್ಲಿ ಬರೆದರೆ 6. ಅಣ್ಣತಮ್ಮಂದಿರ ಹಾಗಿರುವ ಎರಡು ಲಿಪಿಗಳಿಗೆ ಎರಡು ಲೆಕ್ಕ!

ಈಗ ಪದದ ವಿಷಯಕ್ಕೆ ಬರುತ್ತೇನೆ. ಇದನ್ನು ಡೆವಲಪರ್‌ಗಳಿಗೆ ಕನ್ನಡದಲ್ಲಿ ವಿವರಿಸುವ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ ಮೂರು ಎಣಿಕೆಗಳು ಬರುತ್ತವೆ: 11, 6, 3. ಮೂರಕ್ಕೂ ಮೂರು ಹೆಸರು ಬೇಕು. 11ಕ್ಕೆ ‘ಸಂಕೇತ’ ಅನ್ನಬಹುದು, ಅಥವಾ ಕೋಡ್ ಪಾಯಿಂಟ್ (ಯೂನಿಕೋಡ್ ಒಂದೊಂದು ಗುರುತಿಗೆ ಕೊಡುವ ಸಂಖ್ಯೆ) ಅಂತಲೇ ಬಿಡಬಹುದು. (ಯುಟಿಎಫ್-16ರ ತುಂಡು ಬೇರೆ, ಕೋಡ್ ಪಾಯಿಂಟ್ ಬೇರೆ ಅಂತ ತಿದ್ದಬೇಡಿ. ಗೊತ್ತು. ಕನ್ನಡ ಲಿಪಿಯ ಮಟ್ಟಿಗೆ ಎರಡರ ಲೆಕ್ಕವೂ ಒಂದೇ.) 3ಕ್ಕೆ ನನ್ನ ಮಟ್ಟಿಗೆ ‘ಅಕ್ಷರ’ವೇ ಸರಿ. ಮಜಾ ನೋಡಿ, ಯೂನಿಕೋಡ್‌ನವರು ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದನ್ನು ಅಕ್ಷರ ಅಂತಲೇ ಕರೆಯುತ್ತಾರೆ. ಅವರಿಗೆ ಬೇರೆ ಪದ ಸಿಗದೆ ನಮ್ಮ ಕಡೆಯದನ್ನು ಸರಿಯಾದ ಅರ್ಥದಲ್ಲೇ ತೆಗೆದುಕೊಂಡಿದ್ದಾರೆ. ನಾವು ಮಾತ್ರ ಅದನ್ನು ಕ್ಯಾರೆಕ್ಟರಿಗೆ ಅಂಟಿಸಿ ಕೂತಿದ್ದೇವೆ. ಕ್ಷರ ಅಂದರೆ ಸವೆದು ಹೋಗುವುದು, ಅಕ್ಷರ ಅಂದರೆ ಹಾಗಾಗದ್ದು. ಇಲ್ಲಿ ಒಂದು ಸ್ಲೈಸ್ (ಪಠ್ಯ ಕತ್ತರಿಸುವ ಆಜ್ಞೆ) ಕೊಟ್ಟರೆ ಸಾಕು, ಎರಡು ಚೂರು.

ಕನ್ನಡದಲ್ಲೇ ಈ ಪದ ಒಂದೇ ಕಡೆ ನಿಲ್ಲುವುದಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಶಾಲೆಯಲ್ಲಿ ‘ಕನ್ನಡಕ್ಕೆ 49 ಅಕ್ಷರ’ ಅಂದಾಗ ಅದು ವರ್ಣಮಾಲೆಯ ಲೆಕ್ಕ. ಉತ್ಪಲಮಾಲೆಯ ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21 ಅಂದಾಗ ಅದು ಛಂದಸ್ಸಿನ ಲೆಕ್ಕ. ಛಂದಸ್ಸಿನಲ್ಲಿ ಕ್ಷ್ಮೀ ಒಂದೇ ಅಕ್ಷರ, ನಮಗೆ ಬೇಕಾದದ್ದೂ ಅದೇ. ಆದರೆ ಅಲ್ಲಿ ‘ಬಸ್’ ಕೂಡ ಒಂದೇ ಅಕ್ಷರ, ಗುರು. ಫಾರ್ಮು ತುಂಬುವವರು ಅದನ್ನು ಒಂದು ಅಂತ ಒಪ್ಪಲಾರರು. ನನಗೆ ಹೆಚ್ಚು ನಂಬಿಕೆ ಇರುವುದು ಪೇಪರಿನ ಪದಬಂಧದ ಮೇಲೆ. ಅಲ್ಲಿ ಕ್ಷ್ಮೀಗೆ ಒಂದು ಮನೆ, ಬಸ್‌ಗೆ ಎರಡು ಮನೆ. ಯಾರೂ ಜಗಳ ಮಾಡುವುದಿಲ್ಲ.

ಉಳಿದದ್ದು ನಡುವಿನ 6. ಅದೇ ಈ ಗ್ರಾಫೀಮ್ ಕ್ಲಸ್ಟರ್. ಧ್ವನಿಮಾ, ಆಕೃತಿಮಾ ಇವುಗಳ ಜಾಡಿನಲ್ಲಿ ‘ಲಿಪಿಮಾ’ ಅಂತ ಮಾಡಿ, ‘ಲಿಪಿಮಾ ಗೊಂಚಲು’ ಅಂದುಬಿಡಬಹುದು. ಆದರೆ ಬಾಯಲ್ಲಿ ಹೇಳಿ ನೋಡಿ. ಮೀಟಿಂಗಿನಲ್ಲಿ ಯಾರೂ ಹೇಳುವುದಿಲ್ಲ. ‘ಅಕ್ಷರಗುಚ್ಛ’ ಅಂದರೆ ಅರ್ಥ ತಿರುವುಮುರುವು: ಇದು ಅಕ್ಷರಗಳ ಗುಚ್ಛ ಅಲ್ಲ, ಅಕ್ಷರದ ಒಂದು ಭಾಗ. ‘ಕಾಗುಣಿತ’ ಹತ್ತಿರ ಬರುತ್ತದೆ, ರೀ, ಮೀ ಎಲ್ಲ ಕಾಗುಣಿತವೇ. ಆದರೆ ಶ್, ಕ್, ಷ್ ಅದರೊಳಗೆ ಕೂರುವುದಿಲ್ಲ. ಜೊತೆಗೆ ಸ್ಪೆಲಿಂಗ್ ಅನ್ನುವ ಅರ್ಥಕ್ಕೆ ಕಾಗುಣಿತ ಆಗಲೇ ಹೊರಟುಹೋಗಿದೆ.

ಸದ್ಯಕ್ಕೆ ನನ್ನ ಕರಡಿನಲ್ಲಿ ‘ಬಿಡಿ’ ಅಂತ ಇಟ್ಟಿದ್ದೇನೆ. ‘ಶ್ರೀಲಕ್ಷ್ಮೀಯಲ್ಲಿ 11 ಸಂಕೇತ, 6 ಬಿಡಿ, 3 ಅಕ್ಷರ.’ ಓದಲು ಹಗುರ. ಒತ್ತು ಬಿಡಿಸಿದ್ದು ಅನ್ನುವ ಅರ್ಥವೂ ಬರುತ್ತದೆ. ತೊಂದರೆ ಇಷ್ಟೇ: ಯೂನಿಕೋಡ್ ಮುಂದೆ ಕನ್ನಡವನ್ನೂ ಆ ಪಟ್ಟಿಗೆ ಪೂರ್ತಿಯಾಗಿ ಒಗ್ಗಿಸಿಕೊಂಡರೆ ಬಿಡಿ ಮತ್ತು ಅಕ್ಷರ ಒಂದೇ ಆಗಿಬಿಡುತ್ತವೆ. ಆಗ ಕ್ಷ್ಮೀಯನ್ನು ಬಿಡಿ ಅನ್ನಲು ಬಾಯಿ ಬರುವುದಿಲ್ಲ.

ಸಿಎಸ್‌ಎಸ್‌ನವರದು (ವೆಬ್ ಪುಟ ಹೇಗೆ ಕಾಣಬೇಕು ಅಂತ ಹೇಳುವ ಭಾಷೆಯವರದು) ಇನ್ನೊಂದು ದಾರಿ. ಅವರು ಗ್ರಾಫೀಮ್ ಕ್ಲಸ್ಟರನ್ನು ಆಧಾರವಾಗಿ ಇಟ್ಟುಕೊಂಡು, ಭಾಷೆಗೆ ತಕ್ಕಂತೆ ಹಿಗ್ಗಿಸಿಕೊಳ್ಳಿ ಅಂತ ಬ್ರೌಸರ್‌ಗಳಿಗೆ ಬಿಟ್ಟಿದ್ದಾರೆ. ಅದಕ್ಕೆ ಟೈಪೊಗ್ರಾಫಿಕ್ ಕ್ಯಾರೆಕ್ಟರ್ ಯೂನಿಟ್ ಅಂತ ಮಾರುದ್ದದ ಹೆಸರು. ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದು ಮಾಡುವಾಗ, ಅಕ್ಷರಗಳ ನಡುವೆ ಜಾಗ ಬಿಡುವಾಗ ಇದರ ಲೆಕ್ಕವೇ. ಇದನ್ನು ನಾನು ಕನ್ನಡಕ್ಕೆ ತರಲು ಹೋಗಿಲ್ಲ. ಧೈರ್ಯ ಇರುವವರು ಹೋಗಿ.

ಕೇಳಬೇಕಾದದ್ದು ಎರಡು. ‘ಬಿಡಿ’ಗಿಂತ ಒಳ್ಳೆಯದು ಯಾರ ಬಳಿಯಾದರೂ ಇದೆಯೇ? ಅಚ್ಚುಮೊಳೆ ಜೋಡಿಸುತ್ತಿದ್ದ ಹಳಬರ ಮಾತಿನಲ್ಲಿ ಒತ್ತು, ಕೊಂಬು, ದೀರ್ಘ ಬಿಟ್ಟು ಉಳಿದ ತುಂಡಿಗೆ ಏನಾದರೂ ಹೆಸರಿದ್ದಿರಬೇಕು ಅಂತ ನನ್ನ ಗುಮಾನಿ. ಮನೆಯಲ್ಲಿ ಅಂಥ ಹಿರಿಯರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಇನ್ನೊಂದು, ಪದಬಂಧ ಕಟ್ಟುವವರು ಇಲ್ಲಿ ಯಾರಾದರೂ ಇದ್ದರೆ: ‘ರ‍್ಯಾಂಕ್’ ಬಂದಾಗ ನೀವು ಎಷ್ಟು ಮನೆ ಕೊಡುತ್ತೀರಿ? ನಾನು ಎರಡು ಅಂದುಕೊಂಡಿದ್ದೇನೆ. ಸೆಗ್ಮೆಂಟರ್ ಮೂರು ಅನ್ನುತ್ತಿದೆ. ಲೆಂತ್ 8, ಅದರಲ್ಲಿ ಒಂದು ಕಣ್ಣಿಗೇ ಕಾಣುವುದಿಲ್ಲ.