ಒಂದೇ ಫ್ಲ್ಯಾಟ್ ಎರಡು ಪೋರ್ಟಲ್‌ನಲ್ಲಿ, ಆದರೂ ಸರಿಯಾದ ಗಿರಾಕಿ ಇಲ್ಲ

ಪ್ರಶ್ನೆ: ನಾನು ಏಜೆಂಟ್. ಯಲಹಂಕದ 2 ಬಿಎಚ್‌ಕೆ, ಮರುಮಾರಾಟ. ದುಡ್ಡು ಕೊಟ್ಟು ಹಾಕಿದ ಜಾಹೀರಾತು. ಕರೆ ಬರ್ತವೆ, ನೋಡೋಕೆ ಯಾರೂ ಬರಲ್ಲ. ಏನು ಮಾಡೋದು?

ಉತ್ತರ 1: ಮಾಲೀಕರು ಅದನ್ನೇ ಬೇರೆ ಏಜೆಂಟರಿಗೂ ಕೊಟ್ಟಿದ್ದಾರಾ ಕೇಳಿ ಸರ್. ಒಂದು ಕಡೆ 78 ಲಕ್ಷ, ಇನ್ನೊಂದು ಕಡೆ 82 ಅಂತ ಕಂಡರೆ ಕೊಳ್ಳುವವರು ಎರಡನ್ನೂ ನಂಬಲ್ಲ. ಒಂದೇ ದರ ಬರಹದಲ್ಲಿ ತಗೊಳ್ಳಿ. ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸೋಕೆ ಸಿಗುವ ಜಾಗ), ಸೂಪರ್ ಬಿಲ್ಟಪ್ (ಗೋಡೆ, ಮೆಟ್ಟಿಲಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ ಅಳತೆ) ಎರಡೂ ಹಾಕಿ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತಾ ದಾಖಲೆ) ಇದ್ದರೆ ಮೊದಲ ಸಾಲಲ್ಲೇ ಹೇಳಿ.

ಉತ್ತರ 2: ಒಂದೇ ಲೀಡ್ (ವಿಚಾರಿಸಿದ ಗಿರಾಕಿಯ ವಿವರ) ಹಲವು ಏಜೆಂಟರಿಗೆ ಹೋಗುತ್ತೆ. ಸಂಜೆಗೆ ಫೋನ್ ಮಾಡಿದರೆ ಗಿರಾಕಿ ಕೈತಪ್ಪಿದ ಹಾಗೇ.

ಉತ್ತರ 3: ಹೊಸ ಪ್ರಾಜೆಕ್ಟ್ ಹಾಕುವಾಗ ಎಚ್ಚರ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿಯಿಲ್ಲದೆ ಏಜೆಂಟ್ ಮಾರಿದರೆ ದಿನಕ್ಕೆ 10,000 ರೂ., ಎಲ್ಲ ಸೇರಿ ಆಸ್ತಿ ಬೆಲೆಯ ಶೇ 5ರವರೆಗೆ ದಂಡ. ಪೋರ್ಟಲ್ ಜಾಹೀರಾತು ಒಪ್ಪಿಕೊಂಡಿತು ಅಂದಮಾತ್ರಕ್ಕೆ ನಿಮ್ಮ ಹೊಣೆ ತಪ್ಪಲ್ಲ.