ಸಹಾಯ ಬೇಕು: ದಿಂಬಿನ ಲಾವಂಚದ ಚೀಲಕ್ಕೆ ಮಳೆಗಾಲದಲ್ಲಿ ಮುಗ್ಗಲು ವಾಸನೆ

ನಿದ್ದೆಗೆಂದು ದಿಂಬಿನ ಕವರಿನೊಳಗೆ ಇಡುವ ಚೀಲ. ಅಳತೆ 10×12 ಸೆಂ.ಮೀ., ಹತ್ತಿಯ ಮಲ್‌ ಬಟ್ಟೆ, ಎರಡು ಪದರ. ಒಳಗೆ ಅರ್ಧ ಇಂಚಿಗೆ ಕತ್ತರಿಸಿದ ಲಾವಂಚದ ಬೇರು 20 ಗ್ರಾಂ, ಒಣ ದವನ 8 ಗ್ರಾಂ, ಮರುಗ 5 ಗ್ರಾಂ, ಲವಂಗ ಎರಡೇ ಎರಡು (ಹೆಚ್ಚಾದರೆ ಅಡುಗೆಮನೆ ವಾಸನೆ), ವಾಸನೆ ಹಿಡಿದಿಡಲು ಕುಟ್ಟಿದ ಸಾಂಬ್ರಾಣಿ ಅರ್ಧ ಚಮಚ. ಬೇರನ್ನು ಪುಡಿ ಮಾಡಿಲ್ಲ. ಪುಡಿ ಬಟ್ಟೆಯಿಂದ ಸೋರುತ್ತದೆ, ಪರಿಮಳವೂ ಬೇಗ ಹಾರುತ್ತದೆ.

ತೊಂದರೆ ದವನದ್ದು. ಬಿಸಿಲಲ್ಲಿ ಒಣಗಿಸಿದರೆ ಎಣ್ಣೆಯಂಶ ಹೋಗಿ ಹುಲ್ಲಿನಂತಾಗುತ್ತದೆ. ನೆರಳಲ್ಲಿ, ಈ ಜಡಿಮಳೆಯಲ್ಲಿ, ಆರು ದಿನವಾದರೂ ಎಲೆ ಗರಿಗರಿಯಾದರೂ ಕಾಂಡ ಬಾಗುತ್ತದೆ, ಮುರಿಯುವುದಿಲ್ಲ. ಅಂಥದ್ದನ್ನು ತುಂಬಿದರೆ ವಾರದೊಳಗೆ ಬೂಷ್ಟು. ತೇವ ಹೀರಲೆಂದು ಅಕ್ಕಿ ಸೇರಿಸುವ ಸಲಹೆ ದಯವಿಟ್ಟು ಬೇಡ, ನುಸಿ ಬೀಳುತ್ತದೆ.

ತಿಳಿಯಬೇಕಾದ್ದು ಇಷ್ಟು: ಕಾಂಡ ಪೂರ್ತಿ ಬಿಟ್ಟು ಎಲೆ, ಹೂ ಮಾತ್ರ ಬಿಡಿಸಿ ಒಣಗಿಸಿದರೆ ಪರಿಮಳ ಉಳಿಯುತ್ತದೆಯೇ? ಫ್ಯಾನ್ ಗಾಳಿ ಸಾಕೇ, ಅಥವಾ ಡ್ರೈಯರ್‌ನಲ್ಲಿ 35–40 ಡಿಗ್ರಿ ಇಟ್ಟವರಿದ್ದಾರೆಯೇ? ಎಷ್ಟು ಗಂಟೆ?

ಇನ್ನೊಂದು. ದವನದ ಬದಲು ಜಟಾಮಾಂಸಿ ಹಾಕಿದವರು ಪ್ರಮಾಣ ಹೇಳಿ. ಅದರ ಮಣ್ಣುಮಣ್ಣು ಘಾಟು ಲಾವಂಚವನ್ನೇ ನುಂಗಿಬಿಡಬಹುದೆಂಬ ಅನುಮಾನ. 3 ಗ್ರಾಂ ದಾಟಬಾರದೆಂದು ನನ್ನ ಲೆಕ್ಕ. ಎಸೆನ್ಸ್ ಹನಿ ಹಾಕುವ ಉಪಾಯ ಬೇಡ.