ಹಿಟಾಚಿ ಹಿಂಭಾಗಕ್ಕೂ ಗೋಡೆಗೂ ನಡುವೆ ಎಷ್ಟು ಜಾಗ ಬೇಕು?

ಸೈಟ್_ಸೂಪರ್‌ವೈಸರ್:
ಬೇಸ್‌ಮೆಂಟ್ ಅಗೆಯೋ ಕೆಲಸ. 20 ಟನ್ ಹಿಟಾಚಿಯನ್ನ ಪಕ್ಕದ ಕಾಂಪೌಂಡಿಗೆ ಅಂಟಿಸಿದ ಹಾಗೇ ನಿಲ್ಲಿಸಬೇಕು, ಬೇರೆ ಜಾಗ ಇಲ್ಲ. ಮೂಲೆ ಮಣ್ಣು ಕೆತ್ತೋಕೆ, ಲೆವೆಲ್ ನೋಡೋಕೆ ಇಬ್ಬರು ಹೆಲ್ಪರ್‌ಗಳು ಸುತ್ತಮುತ್ತಲೇ ಇರ್ತಾರೆ. ರಿವರ್ಸ್ ಹಾರ್ನ್ ಇದೆ. ಸಾಕಾ?

ಚೈನ್‌ಗಾಡಿ_ಹಾಸನ:
ಸಾಲದು ಸರ್. ಹಾರ್ನ್ ಕೂಗೋದು ಗಾಡಿ ಕೆಳಗಿನ ಚೈನ್ ಓಡಿದಾಗ. ನಿಂತಲ್ಲೇ ಮೇಲ್ಭಾಗ ತಿರುಗುವಾಗ ಬಹಳಷ್ಟು ಗಾಡಿಗಳಲ್ಲಿ ಅದು ಕೂಗಲ್ಲ, ಜನ ಸಿಕ್ಕಿಹಾಕಿಕೊಳ್ಳೋದು ಆಗಲೇ. ಈ ಸೈಜಿನ ಗಾಡಿಗೆ ಕೌಂಟರ್‌ವೇಟ್, ಅಂದ್ರೆ ಹಿಂಭಾಗದ ಭಾರದ ದಿಮ್ಮಿ, ನಡುಮಧ್ಯದಿಂದ ಸುಮಾರು 2.8 ಮೀಟರ್ ಹಿಂದಕ್ಕೆ ಚಾಚಿರುತ್ತೆ. ಅಡ್ಡ ತಿರುಗಿದರೆ ಚೈನಿನಿಂದ ಆಚೆಗೆ ಹೆಚ್ಚುಕಮ್ಮಿ 1.4 ಮೀಟರ್ ಬಂತು. ಚೈನ್ ಪಕ್ಕ ನಿಂತವನು ತಾನು ದೂರ ಇದ್ದೀನಿ ಅಂದುಕೊಂಡಿರ್ತಾನೆ. ಕ್ಯಾಬಿನ್ ಇರೋದು ಬೂಮಿನ (ಬಕೆಟ್ ಹಿಡಿಯೋ ಉದ್ದ ತೋಳು) ಎಡಕ್ಕೆ, ಹಾಗಾಗಿ ಬಲಗಡೆ ಮತ್ತು ಹಿಂದೆ ಆಪರೇಟರ್‌ಗೆ ಸರಿಯಾಗಿ ಕಾಣೋದೂ ಇಲ್ಲ.

ಸೇಫ್ಟಿ_ಮನುಷ್ಯ:
ಕೆಲಸ ಶುರುಮಾಡೋ ಮುಂಚೆ ಖಾಲಿ ಗಾಡಿಯನ್ನ ನಿಧಾನ ಒಂದು ಸುತ್ತು ತಿರುಗಿಸಿ, ಗೋಡೆಗೆ ಅತಿ ಹತ್ತಿರ ಬರೋ ಕಡೆ ಅಳೆಯಿರಿ. ಕನಿಷ್ಠ 60 ಸೆಂ.ಮೀ. ಇರಲಿ. ಅಷ್ಟು ಸಿಗದಿದ್ದರೆ ಆ ಸಂದಿಯ ಎರಡೂ ಬಾಯಿಗೆ ಪೈಪ್ ಅಡ್ಡ ಕಟ್ಟಿ ಮುಚ್ಚಿ. ಬರೀ ಟೇಪ್ ಕಟ್ಟಿದರೆ ಬೀಡಿ ಸೇದೋಕೆ, ನೆರಳಿಗೆ ಅಂತ ಅಲ್ಲೇ ನುಸುಳ್ತಾರೆ!

ಗಾಡಿ ತಿರುಗೋ ಜಾಗದೊಳಗೆ ಹೆಲ್ಪರ್ ಹೋಗಲೇಬೇಕಾದರೆ ಮೊದಲು ಕೈ ಎತ್ತಲಿ, ಆಪರೇಟರ್ ನೋಡಿ ತಲೆಯಾಡಿಸಲಿ. ಬಕೆಟ್ ನೆಲಕ್ಕಿಳಿಸಿ, ಸೀಟಿನ ಎಡಗಡೆಯ ಲಾಕ್ ಲಿವರ್ ಹಾಕಿದ ಮೇಲೇ ಹೆಜ್ಜೆ ಇಡಬೇಕು. ಲಾಕ್ ಹಾಕದೆ ಆಪರೇಟರ್ ನೀರಿನ ಬಾಟಲಿಗೆ ಬಗ್ಗಿದರೂ ಮೊಣಕೈ ತಗುಲಿ ಗಾಡಿ ತಿರುಗಬಹುದು. ಸಿಗ್ನಲ್ ಕೊಡೋನು ಒಬ್ಬನೇ ಇರಲಿ. ‘ನಿಲ್ಸು’ ಅಂತ ಮಾತ್ರ ಯಾರು ಬೇಕಾದರೂ ಕೂಗಬಹುದು.

ಸೈಟ್_ಸೂಪರ್‌ವೈಸರ್:
ಅಕಸ್ಮಾತ್ ಯಾರಾದರೂ ನಡುವೆ ಸಿಕ್ಕಿಕೊಂಡರೆ?

ಸೇಫ್ಟಿ_ಮನುಷ್ಯ:
ಬಂದ ದಾರಿಯಲ್ಲೇ ಮೆಲ್ಲಗೆ ವಾಪಸ್ ತಿರುಗಿಸಿ ಬಿಡಿಸಿ, ತಡ ಮಾಡಬೇಡಿ. ಎದೆ ಒತ್ತಿದ್ದರೆ ಉಸಿರೇ ನಿಲ್ಲುತ್ತೆ. ಇನ್ನೊಬ್ಬ ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ರಕ್ತ ಸುರೀತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀರಿ. ನೀರು ಕುಡಿಸಬೇಡಿ, ಎಬ್ಬಿಸಿ ನಡೆಸಬೇಡಿ, ಆಟೋದಲ್ಲಿ ಕೂರಿಸಿಕೊಂಡು ಓಡಬೇಡಿ. ಸೊಂಟದ ಮೂಳೆ ಮುರಿದಿದ್ದರೆ ರಕ್ತ ಒಳಗೇ ಸೋರುತ್ತೆ, ಹೊರಗೆ ಗಾಯವೇ ಕಾಣಲ್ಲ. ‘ಏನೂ ಆಗಿಲ್ಲ ಸಾರ್’ ಅಂದರೂ ಆಸ್ಪತ್ರೆಗೆ ಕಳಿಸಿ. ಎಷ್ಟು ನಿಮಿಷ ಸಿಕ್ಕಿಕೊಂಡಿದ್ದ ಅನ್ನೋದನ್ನ ಆಂಬುಲೆನ್ಸ್‌ನವರಿಗೆ ಹೇಳಿ. ಜಜ್ಜಿದ ಮಾಂಸಖಂಡದಿಂದ ಪೊಟ್ಯಾಸಿಯಂ ರಕ್ತಕ್ಕೆ ಸೇರಿ ಹೃದಯದ ಬಡಿತ ಕೆಡಿಸುತ್ತೆ, ಕಿಡ್ನಿಗೂ ಪೆಟ್ಟು.